ಬೆಡ್‌ಫರ್ಡ್ ವ್ಯಾನಿನ ಬಣ್ಣಗಳು

ಎಂಟು ದಿನದ ಕೆಲಸಕ್ಕೆ ಪೇಂಟರ್ ರಾಮಾಂಜನೇಯ ಎರಡು ತಿಂಗಳು ತೆಗೆದುಕೊಂಡಿದ್ದ; ಇನ್ನೂ ಮುಗಿದಿರಲಿಲ್ಲ.

ಹಗರಿಬೊಮ್ಮನಹಳ್ಳಿ ಸ್ಟೇಷನ್ ರಸ್ತೆಯ ಅವನ ಶೆಡ್ಡಿಗೆ ಸುಮಲತಾ ಕೊಟ್ಟೂರಿನಿಂದ ಪ್ರತಿ ಶನಿವಾರ ಬರುತ್ತಿದ್ದಳು. ವಾರದಲ್ಲಿ ಅವಳು ಯಾರೊಂದಿಗಾದರೂ ನಾಲ್ಕು ಮಾತಾಡುತ್ತಿದ್ದದ್ದು ಅದೊಂದೇ ದಿನ. ಗಂಡ ಸೋಮಶೇಖರ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಊರೂರಿಗೆ ಬ್ರೆಡ್ಡು, ಬನ್ನು ಒಯ್ಯುತ್ತಿದ್ದ ಹಳೇ ಬೆಡ್‌ಫರ್ಡ್ ವ್ಯಾನನ್ನು ಮಾರುವ ಮೊದಲು ಬಣ್ಣ ಮಾಡಿಸಬೇಕಿತ್ತು. ಕೊಳ್ಳುವ ಹಡಗಲಿ ಊರಿನವರು ಮುಂದಿನ ವಾರ ಬರುವವರಿದ್ದರು; ಈ ಶನಿವಾರವೂ ಅವನು ಉಜ್ಜುತ್ತಲೇ ಇದ್ದ.

ಎಮರಿ ಪೇಪರಿನಲ್ಲಿ ಉಜ್ಜಿದಂತೆಲ್ಲ ವ್ಯಾನು ತನ್ನ ಕಥೆ ಬಿಚ್ಚಿತ್ತು. ಬೇಕರಿಯ ನೀಲಿಯ ಕೆಳಗೆ ಟೂರಿಂಗ್ ಟಾಕೀಸಿನ ಕೆಂಪು. ಅದರ ಕೆಳಗೆ ಮಿಶನ್ ಆಸ್ಪತ್ರೆಯ ಬಿಳಿ. ಎಲ್ಲಕ್ಕೂ ಅಡಿಯಲ್ಲಿ, ಐವತ್ತೆಂಟರಲ್ಲಿ ಇಂಗ್ಲೆಂಡಿನಿಂದ ಹಡಗೇರಿ ಮದರಾಸಿನಲ್ಲಿ ಇಳಿದಾಗಿನ ಕಡು ಹಸಿರು.

"ನನಗಿಂತ ನಾಕು ವರ್ಷ ದೊಡ್ಡದ್ರಿ ಇದು," ಎಂದ ರಾಮಾಂಜನೇಯ. "ಅಣ್ಣಾರ ಅನ್ನಬೇಕು ಇದಕ್ಕ."

ಸುಮಲತಾಳಿಗೆ ನಗು ಬಂತು. ನಗು ಬಂದದ್ದಕ್ಕೆ ಗಾಬರಿಯೂ ಆಯಿತು.

"ವ್ಯಾನಿಗೂ ಅಣ್ಣಾರ. ಇಲ್ಲಿಗೆ ಬರೋ ಹೆಣ್ಮಕ್ಕಳಿಗೆಲ್ಲ ಅಕ್ಕಾರ, ಅಕ್ಕಾರ. ನನಗ ಮಾತ್ರ ಏನೂ ಅನ್ನಂಗಿಲ್ಲ ನೀವು."

ಅವನು ಮಗ್ಗಿನಿಂದ ನೀರು ಸುರಿದು, ಉಜ್ಜಿದ ಜಾಗವನ್ನೇ ಮತ್ತೆ ಉಜ್ಜಿದ. ಹಸಿರು ಧೂಳು ಹತ್ತಿದ ರೆಪ್ಪೆಗಳು ಮೇಲೇಳಲಿಲ್ಲ.

"ಒಂದ ಸಲ ಅಕ್ಕ ಅಂದ್ರ ಮುಗೀತಲ್ರೀ."

ಎರಡು ವರ್ಷದಿಂದ ಯಾರ ಮಾತೂ ಅವಳ ಒಳಗೆ ಇಳಿದಿರಲಿಲ್ಲ. ಎಂ.ಎ.ಗೆ ಓದಿದ ಪುಸ್ತಕಗಳು ಕೂಡ ಬರೀ ಅಕ್ಷರವಾಗಿದ್ದವು. ಈ ಮಾತು ಇಳಿಯಿತು. ನೋವಾಯಿತು.

ಉಜ್ಜಲು ಡ್ರೈವರ್ ಬಾಗಿಲೊಂದೇ ಉಳಿದಿತ್ತು. ಅದರ ಮೇಲೆ ಗಂಡ ತಾನೇ ಬರೆದಿದ್ದ: ಸೋಮಶೇಖರ್ ಬೇಕರಿ.

"ಇದನ್ಯಾಕ ಬಿಟ್ರಿ?"

"ಕೈ ಬರಲಿಲ್ರಿ. ನೀವು ಹೇಳಿದ್ರ ಉಜ್ಜತೀನಿ."

ಅವಳು ಸೊಟ್ಟ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಬ್ಯಾಡ. ಹಂಗ ಮ್ಯಾಲೆ ಬಣ್ಣ ಹಚ್ರಿ."

"ಉಜ್ಜದ ಹಚ್ಚಿದ್ರ ನಿಲ್ಲಂಗಿಲ್ರಿ. ಎರಡು ಬ್ಯಾಸಿಗಿಗೆ ಸಿಪ್ಪಿ ಎದ್ದು ಒಳಗಿನ ಹೆಸರು ಕಾಣ್ತೈತಿ."

"ಕಂಡ್ರ ನಿಮಗ ಬ್ಯಾಸರ ಆಗಂಗಿಲ್ಲ?"

ಅವಳು ಏನು ಕೇಳುತ್ತಿದ್ದಾಳೆಂದು ಹೊಳೆಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಮೊದಲ ಸಲ ಅವಳನ್ನು ನೇರವಾಗಿ ನೋಡಿದ.

"ನನಗ್ಯಾಕ್ರೀ ಬ್ಯಾಸರ? ಆ ಹೆಸರು ಹಿಡಕೊಂಡು ನೀವು ಇಲ್ಲಿಗೆ ಬಂದ್ರಿ. ಅದೂ ಇರ್ಲಿ. ನಾನೂ ಇರ್ತೀನಿ."

ಸುಮಲತಾ ಜಾರುಬಾಗಿಲನ್ನು ಪಕ್ಕಕ್ಕೆ ಸರಿಸಿ, ಎಂದೂ ಕೂತಿರದ ಡ್ರೈವರ್ ಸೀಟಿನಲ್ಲಿ ಕೂತಳು.

"ಹಡಗಲಿಯವ್ರಿಗೆ ಬರಬ್ಯಾಡ್ರಿ ಅಂತ ಹೇಳಿಬಿಡ್ರಿ."

"ಮತ್ತ ಓಡಿಸೋರು ಯಾರು?"

"ನಾನ. ಕಲಿಸೋರು ಬೇಕು."

ಅವನು ಕೈ ಒರೆಸಿಕೊಂಡು, ಸುತ್ತು ಹಾಕಿ ಬಂದು, ಪಕ್ಕದ ಸೀಟಿನಲ್ಲಿ ಕೂತ.

"ಎಡಗಾಲಾಗ ಕ್ಲಚ್ ಒತ್ರಿ. ಭಾಳ ಬಿಗಿ ಐತಿ."

ಅವಳು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದಳು.