ಜಪಾನಿ ಚಿತ್ರದ ನಕಲು

ನಕಲು ಮಾಡುವುದರಲ್ಲಿ ನನ್ನ ಕೈ ತಪ್ಪುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಯಾರನ್ನು ಬೇಕಾದರೂ ಕೇಳಿ. 1934ರ ಏಪ್ರಿಲ್‌ನಲ್ಲಿ ಬೂಕನಕೆರೆಯ ಸೋಮಮ್ಮ ಮರದ ಅಚ್ಚಿನಲ್ಲಿ ಒತ್ತಿದ ಜಪಾನಿ ಚಿತ್ರವೊಂದನ್ನು ತಂದರು. ಮಳೆಯಲ್ಲಿ ಒಂದು ಸೇತುವೆ, ಅದರ ಮೇಲೆ ಕೊಡೆ ಹಿಡಿದು ನಮಗೆ ಬೆನ್ನು ಮಾಡಿ ಹೋಗುತ್ತಿರುವ ಐದು ಜನ. ರೇಷ್ಮೆ ಕೆಲಸ ಕಲಿಯಲು ಜಪಾನಿಗೆ ಹೋದ ಗಂಡ ಕಳಿಸಿದ್ದಂತೆ. ಆಮೇಲೆ ಮೂರು ವರ್ಷದಿಂದ ಅವನ ಕಾಗದವಿಲ್ಲ.

"ಬಣ್ಣ ಓಯ್ತಾ ಅದೆ ಕಣಣ್ಣ. ಇಂಗೇ ಇನ್ನೊಂದು ಬರ್ಕೊಡಿ," ಅಂದರು.

ಆ ಉರಿಬಿಸಿಲಲ್ಲೂ ನನ್ನ ಕಾಗದ ಒಣಗಲಿಲ್ಲ. ಕುಂಚ ಅದ್ದುವ ನೀರು ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಮೂರನೆಯ ದಿನ ಮುಗಿಸಿ ನೋಡಿದರೆ ನನ್ನ ಸೇತುವೆಯ ಮೇಲೆ ಆರು ಜನ. ಆರನೆಯವನ ಕೈಯಲ್ಲಿ ಕೊಡೆಯಿಲ್ಲ. ಅವನೊಬ್ಬನೇ ನಮ್ಮ ಕಡೆಗೆ ಮುಖ ಮಾಡಿದ್ದ. ಅವನನ್ನು ನಾನು ಬರೆದಿಲ್ಲ, ದೇವರ ಮುಂದೆಯೂ ಹೇಳುತ್ತೇನೆ.

ಇದನ್ನು ಹರಿದು ಹೊಸದು ಬರೆದುಕೊಡುತ್ತೇನೆ ಎಂದೆ. ಸೋಮಮ್ಮ ಕಿತ್ತುಕೊಂಡರು.

"ಅರೀಬ್ಯಾಡಿ. ನಮ್ಮೋರು ಕಣಣ್ಣ, ಬತ್ತಾವ್ರೆ!"

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬೂಕನಕೆರೆಗೆ ಹೋದೆ. ಅವರ ಜಗಲಿಯ ಹಗ್ಗದ ಮೇಲೆ ಗಂಡಸಿನ ಪಂಚೆಯೊಂದರಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಸೋಮಮ್ಮ ನಗುತ್ತ ಮಾತಾಡುತ್ತಿದ್ದರು. ಗಂಡು ದನಿಯೊಂದು ಉತ್ತರ ಕೊಡುತ್ತಿತ್ತು. ಅದರ ಮಾತು ಕನ್ನಡವಾಗಿರಲಿಲ್ಲ.