ಅಗಲವಾಗುತ್ತಿದ್ದ ಕೊರಳಪಟ್ಟಿ

“ಆ ಕೋಣೆಗೆ ಹೋಗ್ಬೇಡ ಕಣಮ್ಮ. ಮಾಟ ಹತ್ತಿರ ಹೋದವರಿಗೂ ತಗಲುತ್ತೆ,” ಎಂದು ಅತ್ತೆ ತಮ್ಮ ಮಗಳ ಕೋಣೆ ತೋರಿಸಿ ಎಚ್ಚರಿಸಿದಾಗ, ಮದುವೆಯಾಗಿ ಬಂದು ವಾರವೂ ಆಗದ ಸೊಸೆ ನಕ್ಕುಬಿಟ್ಟಳು. ಮನಸ್ಸಿನ ಕಾಯಿಲೆಯವರಿಗೆ ಆಪ್ತಸಮಾಲೋಚನೆ ಮಾಡುವುದು ಅವಳ ವೃತ್ತಿ.

“ಮಾಟ ಅಲ್ಲ ಅತ್ತೆ, ಖಿನ್ನತೆ. ಮಾತಾಡಿಸಿದ್ರೆ ಹೋಗುತ್ತೆ.”

ಮಾತಿಗೆ ಹೋಗುವುದಾಗಿದ್ದರೆ ತನ್ನ ಬಾಯಿಗೆ ಎಂದೋ ಹೋಗಿರಬೇಕಿತ್ತು ಎಂದು ಅತ್ತೆ ಗೊಣಗಿದರು. ಸೊಸೆ ಬಾಗಿಲು ತಳ್ಳಿದಳು.

ನಡುಹಗಲಲ್ಲೂ ಒಳಗೆ ಕತ್ತಲು. ಹೊಲಿಗೆಯಂತ್ರದ ಎಣ್ಣೆ, ಮುಗ್ಗಲು ಬಟ್ಟೆ, ಮಂತ್ರವಾದಿ ಬಂದು ಸುಟ್ಟಿದ್ದ ಕೂದಲಿನ ಕಮಟು. ಕುತ್ತಿಗೆಯವರೆಗೂ ಎರಡು ಕಂಬಳಿ ಹೊದ್ದಿದ್ದ ನಾದಿನಿ ಊದಿದ ಮುಖವನ್ನು ನಿಧಾನವಾಗಿ ಎತ್ತಿದಳು. ಬಾವಿಯ ತಳದಿಂದ ಬಂದಂತಿತ್ತು ಆ ಒಡಕು ದನಿ: “ಯಾರೋ ಕತ್ತು ಹಿಡಿದಿದ್ದಾರೆ ಕಣೇ.”

ದಿಂಬಿನಡಿ ಸಿಕ್ಕ ಕೂದಲಗಂಟು, ಮಗಳ ಹೊಲಿಗೆಗೆ ಕರುಬಿ ಎದುರು ಅಂಗಡಿಯ ದರ್ಜಿ ಮಾಡಿಸಿದ ಮಾಟಕ್ಕೆ ಸಾಕ್ಷಿಯೆಂದು ಅತ್ತೆ ನಂಬಿದ್ದರು. ನಾದಿನಿ ದುಃಖದಲ್ಲಿ ತಾನೇ ಕಿತ್ತುಕೊಂಡಿದ್ದಾಳೆಂದು ಸೊಸೆ ಬರೆದುಕೊಂಡಳು. ಕತ್ತು ಹಿಡಿದ ಕೈ ಯಾರದೆಂದು ದಿನವೂ ಕೇಳಿದಳು. ಅಪ್ಪನದೇ? ಬಿಟ್ಟುಹೋದ ಗಂಡನದೇ? ನಾದಿನಿ ತನ್ನ ಅಂಗಿಗಳ ಕೊರಳಪಟ್ಟಿ ಬಿಚ್ಚಿ, ಬೆರಳಗಲ ಹೆಚ್ಚಿಸಿ ಮತ್ತೆ ಹೊಲಿಯುತ್ತಿದ್ದಳು. ತಿಂಗಳೊಳಗೆ ಮತ್ತೆ ಬಿಚ್ಚುವಳು. ಕೈಗೆ ಕೆಲಸ ಹತ್ತಿತೆಂದು ಸೊಸೆ ಸಂತೋಷಪಟ್ಟಳು. ಮಂತ್ರವಾದಿಯನ್ನು ಹೊಸಿಲು ದಾಟಗೊಡಲಿಲ್ಲ.

ನಾಲ್ಕನೆಯ ತಿಂಗಳು. ಕೊರೆಯುವ ಚಳಿಯ ಬೆಳಿಗ್ಗೆ. ಯಂತ್ರದ ಸದ್ದಿಲ್ಲ. ಸೊಸೆ ಒಳಗೆ ಓಡಿದಳು. ಕರೆದಳು. ಅಲುಗಾಡಿಸಿದಳು. ಮೈ ಕಲ್ಲಿನಂತೆ ತಣ್ಣಗಿತ್ತು. ಒಂದು ಉಸಿರು. ಬಹಳ ಹೊತ್ತು ಏನೂ ಇಲ್ಲ. ಮತ್ತೊಂದು. ಕೊರಳ ಗುಂಡಿ ಬಿಚ್ಚಿದಳು. ಯಾರ ಕೈಯೂ ಇರಲಿಲ್ಲ. ಕೋಳಿಮೊಟ್ಟೆ ಗಾತ್ರದ ಬಾವು ಇತ್ತು.

ಆಸ್ಪತ್ರೆಯ ವೈದ್ಯೆ ಅದನ್ನು ಎರಡು ಬೆರಳಲ್ಲಿ ಮುಟ್ಟಿ, ಥೈರಾಯ್ಡ್‌ಗೆಂದು ರಕ್ತಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಕೇಳಿದರು. ಮಾಡಿಸಿಯೇ ಇರಲಿಲ್ಲ. ಮಂಕು, ಚಳಿ, ಉದುರಿದ ಕೂದಲು, ಒಡೆದ ದನಿ, ಎಲ್ಲವೂ ಕತ್ತಿನ ಆ ಗ್ರಂಥಿ ಸೋತದ್ದರಿಂದ. ಮೊದಲೇ ತಿಳಿದಿದ್ದರೆ ದಿನಕ್ಕೊಂದು ಮಾತ್ರೆ ಸಾಕಿತ್ತು. ಸಂಜೆಯೊಳಗೆ ನಾದಿನಿ ತೀರಿಕೊಂಡಳು.

“ಹಾಗಾದ್ರೆ ಮಾಟ ಅಲ್ವಾ?” ಕ್ರಿಯಾಕರ್ಮ ಮುಗಿದ ದಿನ ಅತ್ತೆ ಕೇಳಿದರು.

“ಅಲ್ಲ ಅತ್ತೆ.”

“ನೀನು ಹೇಳಿದ್ದೂ ಅಲ್ವಾ?”

“ಅದೂ ಅಲ್ಲ.”

“ಎದುರು ಅಂಗಡಿಯ ದರ್ಜಿ ಮಾಡಿಸಿದ್ದು ಅಂತ ಇಷ್ಟು ದಿನ ಅವನಿಗೆ ಶಾಪ ಹಾಕ್ಕೊಂಡು ಬದುಕಿದ್ದೆ. ಈಗ ಯಾರಿಗೆ ಹಾಕ್ಲಿ?”

ಸೊಸೆ ಅವರ ಕಾಲ ಬಳಿ ಕುಳಿತು, ಆ ಶಾಪ ತನಗೆ ಬೀಳಲೆಂದು ಕಾದಳು. ಅತ್ತೆ ಅವಳ ಮುಖ ನೋಡಿದರು. ಬಾಯಿ ತೆರೆದರು. ಮುಚ್ಚಿದರು. ಆಮೇಲೆ ಎದ್ದು ಊಟಕ್ಕೆ ಕರೆದರು.

ಅಂದಿನಿಂದ, ತಟ್ಟೆಯ ಮುಂದೆ ಕುಳಿತಾಗಲೆಲ್ಲ, ಸೊಸೆ ಆ ಶಾಪಕ್ಕಾಗಿ ಕಾಯುತ್ತಾಳೆ. ಅತ್ತೆ ಸುಮ್ಮನೆ ಬಡಿಸುತ್ತಾರೆ.