ಯಂತ್ರದಲ್ಲಿ ಉಳಿದ ಹಾಳೆ

"ಐದು ಗಂಟೆಗೆ ನನ್ನನ್ನ ಕರ್ಕೊಂಡು ಹೋಗ್ತಾರಂತೆ, ಮಿಸ್ ವೀಲಾಕ್. ಕೊಲೆಗೆ ವಿದ್ಯುತ್ ಕುರ್ಚಿನೇ ಅಂತ ಪೇದೆ ಹೇಳ್ದ."

ಪೇದೆಯ ಕಾವಲಿನಲ್ಲಿ ಬಾಗಿಲಲ್ಲಿ ನಿಂತಿದ್ದವಳು ಐಡೆಲ್ಲಾ ಪ್ರೂಯಿಟ್, ನಮ್ಮ ವಸತಿಗೃಹದ ಮೂರನೇ ಮಹಡಿಯ ಕಾದಂಬರಿಕಾರ ಲೈಮನ್ ಹಾಸ್ಕಿನ್ಸ್‌ರ ಟೈಪಿಸ್ಟು. ಮಧ್ಯಾಹ್ನದ ಕಾಫಿಯಲ್ಲಿದ್ದ ಸಯನೈಡ್ ಹಾಸ್ಕಿನ್ಸ್‌ರನ್ನು ಕೊಂದಿತ್ತು. ಕಾಫಿ ಮಾಡಿಕೊಟ್ಟವಳು ಇವಳೇ.

ಆಗಸ್ಟಾ ವೀಲಾಕ್ ಹೆಣಿಗೆ ಕೆಳಗಿಟ್ಟರು. ಕೊಲೆ ಪ್ರಕರಣಗಳಲ್ಲಿ ಮೂಗು ತೂರಿಸುವ ಅವರೆಂದರೆ ನ್ಯೂಯಾರ್ಕಿನ ಪೊಲೀಸರಿಗೆ ಹಲ್ಲುನೋವು. ನಿವೃತ್ತ ಅಚ್ಚುಮೊಳೆ ಜೋಡಿಸುವವನಾದ ನನಗೆ ಮಾತ್ರ ಎಂಟು ವರ್ಷದಿಂದ ಅವರ ಹಿಂದೆ ಹಿಂದೆ ಓಡುವುದೇ ಉದ್ಯೋಗ.

"ಅತ್ತಿದ್ದು ಸಾಕಮ್ಮ. ಅವರ ದಿನಚರಿ ಹೇಳು."

"ಬೆಳಗ್ಗೆ ಆರಕ್ಕೆ ಕೂತ್ರೆ ಹನ್ನೆರಡು ಹೊಡೆಯೋವರೆಗೂ ಟೈಪ್ ಯಂತ್ರ ಬಡೀತಿದ್ರು. ಹೊಡೆದ ಕೂಡ್ಲೇ ನಿಲ್ಲಿಸೋರು. ವಾಕ್ಯ ಅರ್ಧದಲ್ಲಿರ್ಬೇಕು, ಆಗ ಮಾರನೇ ದಿನ ಕೈ ತಾನಾಗೇ ಓಡುತ್ತೆ ಅನ್ನೋರು. ನಾನು ಕಾಫಿ ಕೊಟ್ಟು ಊಟಕ್ಕೆ ಹೋದೆ. ಎರಡಕ್ಕೆ ಬಂದ್ರೆ ಆರಾಮಕುರ್ಚಿಯಲ್ಲಿ..."

"ಈಗ ಬರೀತಿದ್ದ ಕತೆ?"

"ಸ್ಲೇಡ್ ಕಾರ್ಮಡಿದು. ಶುಕ್ರವಾರ ಅವನ ಕುದುರೆ ಸಾಯೋ ಅಧ್ಯಾಯ ನಕಲು ಮಾಡ್ತಾ ಅತ್ತುಬಿಟ್ಟೆ. ಕತೆ ಪೂರ್ತಿ ಆಗೋವರೆಗೂ ಒಂದು ಹಾಳೆನೂ ಮನೆ ಬಿಟ್ಟು ಹೋಗಲ್ಲ."

ಹಾಸ್ಕಿನ್ಸ್ ನೆಬ್ರಾಸ್ಕದಲ್ಲಿ ಅಂಚೆ ಗುಮಾಸ್ತರಾಗಿದ್ದವರು. ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಹೆಸರುಗಳಲ್ಲಿ ನಾನೂರಕ್ಕೂ ಹೆಚ್ಚು ಕತೆ ಬರೆದಿದ್ದರು. ಪ್ರೇಮಕತೆಗಳಿಗೆ ಹೆಂಗಸಿನ ಹೆಸರಿತ್ತು. ಆ ಹೆಂಗಸಿಗೆ ಮದುವೆಯ ಪ್ರಸ್ತಾಪಗಳೂ ಬರುತ್ತಿದ್ದವು. ಆದರೆ ಅನ್ನ ಹಾಕಿದವನು ಅವರ ಕಥಾನಾಯಕ, ಕುದುರೆ ಸವಾರ ಕಾರ್ಮಡಿ.

ಮೇಲೆ ಹೋದೆವು. ಟೈಪ್ ಯಂತ್ರದಲ್ಲಿ ಹಾಳೆ ಇನ್ನೂ ಇತ್ತು. ಕೊನೆಯ ವಾಕ್ಯ ಹೀಗಿತ್ತು: "ಬಾಗಿಲಾಚೆ ಹೆಜ್ಜೆ ಸಪ್ಪಳ ಕೇಳಿ ಕಾರ್ಮಡಿ ಕಿಟಕಿಯಿಂದ ಧುಮುಕಿ ಜುಬಿಲಿಯ ಬೆನ್ನೇರಿದ."

ಆಗಸ್ಟಾ ಹಾಳೆಯನ್ನು ಕಿಟಕಿಗೆ ಹಿಡಿದರು. ಸೂಜಿಯಿಂದ ಚುಚ್ಚಿದ ಹಾಗೆ ಅಲ್ಲಲ್ಲಿ ಬೆಳಕು ತೂರಿ ಬಂತು. "ಎರಡೇ ಬೆರಳಲ್ಲಿ ಸುತ್ತಿಗೆ ಏಟು. ಎಲ್ಲರನ್ನೂ ಕರಿ, ಎಜ್ರಾ."

ಐದಕ್ಕೆ ಹತ್ತು ನಿಮಿಷವಿತ್ತು. ಸಾರ್ಜೆಂಟ್ ಬ್ರಾನಿಗನ್ ಕೈಕೋಳ ಹಿಡಿದೇ ಬಂದ. ದಂತವೈದ್ಯರ ಬಳಿಯಿಂದ ಊದಿದ ಕೆನ್ನೆಯೊಂದಿಗೆ ಮರಳಿದ್ದ ಸತ್ತವರ ಹೆಂಡತಿ ಸೆಲ್ಮಾ ಹಾಸ್ಕಿನ್ಸ್ ಒಂದು ಮೂಲೆಯಲ್ಲಿದ್ದಳು. ಸುದ್ದಿ ಕೇಳಿ ಮೂರಕ್ಕೆ ಬಂದೆನೆನ್ನುತ್ತಿದ್ದ ಕಾರ್ಮಡಿ ಕತೆಗಳ ಪತ್ರಿಕೆಯ ಸಂಪಾದಕ ರೂಫಸ್ ಕೆಟರಿಂಗ್ ಕಿಟಕಿಯ ಬಳಿ ನಿಂತಿದ್ದ.

"ಕಾರ್ಮಡಿ ಈ ಕತೆಯಲ್ಲಿ ಹೇಗೆ ತಪ್ಪಿಸಿಕೊಳ್ತಾನೆ?" ಎಂದರು ಆಗಸ್ಟಾ.

"ನನಗೇನ್ ಗೊತ್ತು?" ಎಂದಳು ಸೆಲ್ಮಾ. "ಆ ಟಕಟಕ ಕೇಳಿದ್ದೇ ಸಾಕಾಗಿದೆ. ಓದೋದು ಬೇರೆ ಕೇಡು."

"ನಡ್ಕೊಂಡೇ," ಎಂದಳು ಐಡೆಲ್ಲಾ ಸಣ್ಣ ದನಿಯಲ್ಲಿ.

ಕೆಟರಿಂಗ್ ನಕ್ಕ. "ನಡ್ಕೊಂಡಾ? ಓದುಗರು ನಮ್ಮ ಆಫೀಸಿಗೆ ಬೆಂಕಿ ಹಚ್ತಾರೆ. ಜುಬಿಲಿ ಮೇಲೆ, ಇನ್ಹೇಗೆ!"

"ಜುಬಿಲಿ ಶುಕ್ರವಾರ ಸತ್ತಿತು, ಕೆಟರಿಂಗ್. ಅದು ಬರೆದವರಿಗೆ ಗೊತ್ತಿತ್ತು, ನಕಲು ಮಾಡಿದ ಇವಳಿಗೆ ಗೊತ್ತಿತ್ತು. ಈ ವಾಕ್ಯ ಮುಗಿಸಿದವರಿಗೆ ಗೊತ್ತಿರಲಿಲ್ಲ."

ಬ್ರಾನಿಗನ್ ಗೊಣಗಿದ. "ಮೇಡಂ, ಅವರೇ ಮರೆತು ಬರೆದಿರ್ಬಹುದಲ್ಲ?"

"ಬೆಳಕಿಗೆ ಹಿಡಿದು ನೋಡಿ. ಹಾಸ್ಕಿನ್ಸ್ ಇಟ್ಟ ಪೂರ್ಣವಿರಾಮದ ಚುಕ್ಕೆಯೆಲ್ಲ ಕಾಗದ ತೂತು ಮಾಡಿದೆ, ಕೊನೆಯದೊಂದನ್ನು ಬಿಟ್ಟು. ಹನ್ನೆರಡಕ್ಕೆ ಅವರು ಅರ್ಧದಲ್ಲಿ ಎದ್ದರು. ಆಮೇಲೆ ಯಾರೋ ಬಂದರು, ಮಾತಿನ ನಡುವೆ ಕಾಫಿಗೆ ವಿಷ ಬೆರೆಸಿದರು, ಹೋಗುವ ಮುಂಚೆ ಹಾಳೆ ಓದಿ ಅರ್ಧ ವಾಕ್ಯ ಮುಗಿಸಿದರು. ಸೆಲ್ಮಾಗೆ ಕುದುರೆಯ ಹೆಸರೇ ಗೊತ್ತಿಲ್ಲ. ಐಡೆಲ್ಲಾ ಏಳು ವರ್ಷ ಅರ್ಧ ವಾಕ್ಯಗಳನ್ನ ಹಾಗೇ ಬಿಟ್ಟವಳು. ಅರ್ಧ ಕಂಡರೆ ಕೈ ತುರಿಸೋದು, ಪೂರ್ತಿ ಪ್ರತಿಯನ್ನೇ ನೋಡಿ ಅಭ್ಯಾಸವಾದ ಸಂಪಾದಕನಿಗೆ."

"ನಾನ್ಯಾಕೆ ಅವನನ್ನ ಕೊಲ್ಲಲಿ? ನನ್ನ ಪತ್ರಿಕೆ ನಡೆಯೋದೇ ಅವನಿಂದ!"

"ಅವನಿಂದಲ್ಲ, ಕಾರ್ಮಡಿಯಿಂದ. ಕುದುರೆ ಆಯಿತು, ಮುಂದೆ ಸವಾರ. ಅವನನ್ನ ಸಾಯಿಸಿ ಸಿನಿಮಾಕ್ಕೆ ಬರೆಯೋಕೆ ಹೋಗೋದಾಗಿ ಹಾಸ್ಕಿನ್ಸ್ ನಿಮಗೆ ಹೇಳಿದ್ದರಂತೆ, ಸೆಲ್ಮಾ ಹೇಳಿದಳು. ಅವಳ ಪೆಟ್ಟಿಗೆಯಲ್ಲಿದ್ದ ನಿಮ್ಮಿಬ್ಬರ ಕರಾರು ಈಗಷ್ಟೇ ಓದಿದೆ. ಲೇಖಕ ಸತ್ತರೆ ಕಾರ್ಮಡಿ ನಿಮ್ಮವನು. ಯಾರಿಂದ ಬೇಕಾದರೂ ಬರೆಸಬಹುದು."

ಕೆಟರಿಂಗ್ ಆ ಹಾಳೆಯನ್ನೇ ನೋಡುತ್ತ ನಿಂತ. ಕೊನೆಗೆ ನಮಗಲ್ಲ, ಹಾಳೆಗೆ ಹೇಳುವವನಂತೆ, "ಧುಮುಕಿ ಅಂತ ನಿಲ್ಲಿಸಿದ್ದ," ಎಂದ. "ಧುಮುಕಿ! ಅಷ್ಟಕ್ಕೇ ಬಿಟ್ಟು ಬಾಗಿಲವರೆಗೂ ಹೋಗಿದ್ದೆ. ಆಗಲಿಲ್ಲ. ವಾಪಸ್ ಬಂದೆ."

ಕೈಕೋಳ ಅವನ ಕೈಗೆ ಬಿತ್ತು. ಬ್ರಾನಿಗನ್ ಐಡೆಲ್ಲಾಳತ್ತ ನೋಡದೆ, "ನೀನು ಮನೆಗೆ ಹೋಗಮ್ಮ," ಎಂದ.

ಅವಳು ಕದಲಲಿಲ್ಲ. "ಜೊತೆಗೆ ಯಾರು ಬರ್ತಾರೆ?"

"ಯಾರೂ ಇಲ್ಲ. ನೀನೊಬ್ಬಳೇ."

ಅವಳು ಬಾಗಿಲಲ್ಲಿದ್ದ ಪೇದೆಯನ್ನು ನೋಡಿದಳು. ಅವನು ಪಕ್ಕಕ್ಕೆ ಸರಿದ. ಮರುಕ್ಷಣ ಮೆಟ್ಟಿಲ ಮೇಲೆ ಅವಳ ಬೂಟುಗಳ ಸದ್ದು, ಮೂರೂ ಮಹಡಿ ಒಂದೇ ಉಸಿರಿಗೆ. ನವೆಂಬರ್ ಚಳಿಯಲ್ಲಿ ಅವಳು ಬಿಟ್ಟುಹೋದ ಕೋಟು ಹಿಡಿದು ನಾನು ಎರಡು ಬೀದಿ ಓಡಿದೆ. ಸಿಗಲಿಲ್ಲ.